ಒಡೆಯನಿಲ್ಲದ ಕಾಯಿ

ನನಗೆ ಅನುಮಾನವೆನ್ನುವುದು ಹುಟ್ಟುಗುಣ. ಮನೆಯಲ್ಲಿ ಹಾಲು ಉಕ್ಕಿದರೆ ಉಳಿದವರು ಒಲೆಯ ಕಡೆ ಓಡುತ್ತಾರೆ, ನಾನು ಬೆಕ್ಕಿನ ಮುಖ ನೋಡುತ್ತೇನೆ. ಅದಕ್ಕೇ ನಮ್ಮ ಹಂಚಿನ ಕಾರ್ಖಾನೆಯವರು ಐದು ವರ್ಷಕ್ಕೊಮ್ಮೆ ಹಾಸು ಹಾಕುವಾಗ ನನ್ನನ್ನೇ ಕೇಳುವವನನ್ನಾಗಿ ನಿಲ್ಲಿಸುತ್ತಾರೆ. ಗುರುಪಾದ ತನ್ನ ನೆರಳನ್ನೂ ಒಂದು ಸಲ ವಿಚಾರಿಸಿಯೇ ಜೊತೆಗೆ ಕರೆದುಕೊಂಡು ಹೋಗುತ್ತಾನೆ ಎಂದು ನನ್ನ ತಂಗಿ ಕಸ್ತೂರಿ ಓಣಿಯ ತುಂಬ ಹೇಳಿಕೊಂಡು ತಿರುಗುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ನಮ್ಮೂರಲ್ಲಿ ನಾಲ್ಕು ಜನ ಕೂಡಿ ನಡೆಸುವ ಯಾವುದೇ ಆಗಲಿ, ಶಾಲೆಯೋ ದವಾಖಾನೆಯೋ ಎಣ್ಣೆ ಗಾಣವೋ, ಐದು ವರ್ಷಕ್ಕೊಮ್ಮೆ ಅದರ ರೂಪವನ್ನು ನೆಲದ ಮೇಲೆ ಹಾಸಬೇಕು. ಮೊದಲ ದಿನ ಬೆಳಿಗ್ಗೆ ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದೊಂದು ಹಸಿಮಣ್ಣಿನ ಮುದ್ದೆ ಕೊಡುತ್ತಾರೆ. ತಾನು ಏನು ಕೆಲಸ ಮಾಡುತ್ತಾನೋ ಅದಕ್ಕೊಂದು ಕಾಯಿ, ಪಗಡೆಕಾಯಿಯ ಹಾಗೆ, ಮಾಡಿ ನೆಲದ ಮೇಲಿಡಬೇಕು. ಆಮೇಲೆ ಕೆಲಸ ಯಾರ ಕೈಯಿಂದ ತನ್ನ ಕೈಗೆ ಬರುತ್ತದೆ, ತನ್ನಿಂದ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿ ದಾರ ಕಟ್ಟಬೇಕು. ದಾರದ ಈ ತುದಿಯನ್ನು ಇವನು ಕಟ್ಟಿದರೆ ಆ ತುದಿಯನ್ನು ಅವನು ಕಟ್ಟಬೇಕು. ಕೇಳುವವನು ಎಲ್ಲರ ಹತ್ತಿರ ಹೋಗಿ, ನಿನಗೆ ಯಾರು ಕೊಡುತ್ತಾರೆ, ನೀನು ಯಾರಿಗೆ ಕೊಡುತ್ತೀ, ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿ ಕೇಳಿ ಬಿಟ್ಟುಹೋದ ದಾರಗಳನ್ನು ಕಟ್ಟಿಸಬೇಕು. ಒಂಬತ್ತು ದಿನ ಇದೇ ಗದ್ದಲ. ಒಂಬತ್ತನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಭೋಂಗಾ ಕೂಗಿದೊಡನೆ ಮಣ್ಣೆಲ್ಲ ಒಮ್ಮೆಲೇ ಒಣಗಿ ಕಲ್ಲಾಗುತ್ತದೆ. ಅಲ್ಲಿಂದ ಐದು ವರ್ಷ ಕಾರ್ಖಾನೆ ಆ ಹಾಸಿನಂತೆಯೇ ನಡೆಯುತ್ತದೆ. ಒಮ್ಮೆ ಹಿಂದಿನ ಬಾಗಿಲನ್ನು ಹಾಸಿನಲ್ಲಿ ಇಡಲು ಮರೆತಿದ್ದರು. ಐದು ವರ್ಷ ಅದು ತೆರೆಯಲಿಲ್ಲ, ನಾವು ಸುತ್ತು ಹಾಕಿಕೊಂಡು ಓಡಾಡಿದೆವು.

ಬಿಟ್ಟುಹೋದರೆ ಹಾಗೆ. ಹೆಚ್ಚಾದರೆ ಇನ್ನೂ ಕಷ್ಟ. ಹಾಸಿನಲ್ಲಿ ಒಡೆಯನಿಲ್ಲದ ಕಾಯಿ ಉಳಿದರೆ, ಆ ಒಂಬತ್ತು ದಿನಗಳಲ್ಲಿ ಗೇಟು ದಾಟಿ ಒಳಗೆ ಬಂದ, ತನ್ನದೆಂಬ ಕಾಯಿ ಇಲ್ಲದ ಮನುಷ್ಯನನ್ನು ಅದು ಎಳೆದುಕೊಳ್ಳುತ್ತದೆ. ಸಂಗನಬಸಪ್ಪನ ಗತಿ ಹಾಗೇ ಆಯಿತು. ಅವನು ಹಗ್ಗ ಮಾರುವವನು. ಹೋದ ಸಲದ ಹಾಸಿನ ಐದನೆಯ ದಿನ ಎರಡು ಸುತ್ತು ಹಗ್ಗ ಹೆಗಲಿಗೆ ಹಾಕಿಕೊಂಡು ಒಳಗೆ ಬಂದಿದ್ದ. ಅಚ್ಚಿನ ಯಂತ್ರದ ಒಬ್ಬ ಆಸಾಮಿ ತನ್ನ ಮುದ್ದೆಯಲ್ಲಿ ಎರಡು ಕಾಯಿ ಮಾಡಿ, 'ಗೇಟಿನಲ್ಲಿ ಒಬ್ಬ ನಿಂತಿರಬೇಕು' ಎಂದು ಒಂದನ್ನು ಗೇಟಿನ ಹತ್ತಿರ ಇಟ್ಟಿದ್ದ. ನಿಲ್ಲುವವನು ಯಾರು ಎಂದು ಯಾರೂ ಕೇಳಿರಲಿಲ್ಲ. ಭೋಂಗಾ ಆಯಿತು, ಸಂಗನಬಸಪ್ಪ ಗೇಟಿನಿಂದ ಆಚೆಗೂ ಈಚೆಗೂ ಹತ್ತು ಮಾರಿನ ಮೇಲೆ ಹೆಜ್ಜೆ ಇಡಲಾರದವನಾದ. ಜನ ಅದಕ್ಕೂ ಒಗ್ಗಿಕೊಂಡರು. ಅವನ ಹೆಂಡತಿ ಗೇಟಿನ ಪಕ್ಕ ತಗಡಿನ ಮನೆ ಹಾಕಿಕೊಂಡಳು. ಮಗಳ ಲಗ್ನ ಗೇಟಿನಲ್ಲೇ ಆಯಿತು, ಅಕ್ಕಿಕಾಳು ಬೀಳುವ ತನಕ ಮಣ್ಣಿನ ಲಾರಿಗಳು ರಸ್ತೆಯಲ್ಲಿ ನಿಂತಿದ್ದವು. ಈಗ ಆ ಮಗಳು ಹೊಳೆಯಾಚೆಯ ಊರಲ್ಲಿ ಹಡೆದಿದ್ದಾಳೆ, ಅವನು ಮೊಮ್ಮಗನ ಮುಖ ನೋಡಿಲ್ಲ. ಹೊಸ ಹಾಸು ಕಲ್ಲಾದರೆ ಹಳೆಯದು ಪುಡಿಯಾಗುತ್ತದೆ, ಅವನಿಗೆ ಬಿಡುಗಡೆ. ಆ ಘಟನೆಯ ಮೇಲೆ ಮುದ್ದೆಗಳನ್ನು ತೂಗಿ ಕೊಡುವ ಪದ್ಧತಿ ಬಂತು, ಹಾಸಿನ ದಿನಗಳಲ್ಲಿ ಹೊರಗಿನವರನ್ನು ಒಳಗೆ ಬಿಡಬಾರದು ಎಂಬ ನಿಯಮವೂ ಬಂತು.

ಈ ಸಲದ ಹಾಸು ಮೊದಲಿಂದಲೇ ಹದಗೆಟ್ಟಿತ್ತು. ಮಳೆಗಾಲದಲ್ಲಿ ಹೆಣ್ಣುಮಕ್ಕಳ ಶಾಲೆಯ ಪಡಸಾಲೆಗೆ ನಾವು ಕೊಟ್ಟ ಹಂಚುಗಳು ಮೂರೇ ತಿಂಗಳಿಗೆ ಬಿರುಕುಬಿಟ್ಟು, ಒಂದು ದಿನ ನಾಲ್ಕು ಸಾಲು ಒಟ್ಟಿಗೆ ಜಾರಿ ಗದಿಗೆಮ್ಮ ಟೀಚರ ಮೇಲೆ ಬಿದ್ದವು. ಹೆಗಲಿನ ಎಲುಬು ಮುರಿಯಿತು. ಎಲುಬು ಕೂಡಿದೆ, ಆದರೆ ಬಲಗೈ ಈಗ ಕಪ್ಪು ಹಲಗೆಯ ಮೇಲ್ಭಾಗಕ್ಕೆ ಏಳುವುದಿಲ್ಲ. ಯಾರ ತಪ್ಪು ಎಂದು ಊರಿನ ಪಂಚರು ಕೇಳಿದರು. ನಮ್ಮ ಮ್ಯಾನೇಜರ್ ಮುನವಳ್ಳಿ ಸಾಹೇಬರು, ಹೇಗೂ ಹಾಸು ಬಂತು, ಕೆಲಸ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅದರಲ್ಲಿ ಕಾಣುತ್ತದೆ, ಎಲ್ಲಿ ದಾರ ಸಡಿಲವೋ ಅಲ್ಲಿ ತಪ್ಪು ಎಂದು ಹೇಳಿ ಕೈ ತೊಳೆದುಕೊಂಡರು.

ಹೀಗೆ ಐವತ್ತೆರಡು ಜನ ಕಾಯಿ ಮಾಡಲು ಕೂತರು. ಒಬ್ಬರ ದಾರವೂ ಸಡಿಲವಿಲ್ಲ. ನಾನು ಕೇಳುತ್ತಾ ಹೋದೆ. ಮಣ್ಣು ತರುವ ಅಡಿವೆಪ್ಪ ತನ್ನ ಮಣ್ಣು ಬೆಣ್ಣೆ ಎಂದ. ಒಣಗು ಮನೆಯಿಂದ ಹಂಚು ಎತ್ತಿಸುವ ಹೊಳೆವ್ವ ತನ್ನ ಹೆಂಗಸರ ಕೈ ತಪ್ಪುವುದೇ ಇಲ್ಲ ಎಂದಳು. ಭಟ್ಟಿಯ ದಾವಲಸಾಬ, ನಲವತ್ತು ವರ್ಷದಿಂದ ಬೆಂಕಿಯ ಮುಂದೆ ಕೂತವನು, ಮಾತೇ ಆಡದೆ ಬೀಡಿಯ ಹೊಗೆ ಬಿಟ್ಟ. ಎಲ್ಲರ ಬಾಯಲ್ಲೂ ಬೆಲ್ಲ. ಕುಂಬಳಕಾಯಿ ಕಳ್ಳ ಎಂದರೆ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ನಾನು ಎಲ್ಲರ ಹೆಗಲಿನ ಮೇಲೆ ಕಣ್ಣಿಟ್ಟಿದ್ದೆ. ಹಾಸು ಇಲ್ಲದ ದಿನಗಳಲ್ಲಿ ನನ್ನ ಕೆಲಸ ಒಣಗು ಮನೆಯ ಹಲಗೆ ಬರೆಯುವುದು. ಯಾವ ಸಾಲಿನ ಹಂಚು ಎಷ್ಟು ದಿನ ಒಣಗಿದೆ ಎಂದು ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ, ಹನ್ನೆರಡು ದಿನ ಆಗದ ಹಸಿ ಹಂಚು ಭಟ್ಟಿಗೆ ಹೋಗುವಂತಿಲ್ಲ. ನಾನೂ ಒಂದು ಪುಟ್ಟ ಹಲಗೆಯಂಥ ಕಾಯಿ ಮಾಡಿ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ಹಾಸಿನ ನಡುವೆ ಏನೋ ಒಂದು ಕಂಡಿತು. ಚಸ್ಮಾ ಮನೆಯಲ್ಲಿ ಬಿಟ್ಟು ಬಂದಿದ್ದೆ. ಅಷ್ಟು ದೊಡ್ಡದು ಅಲ್ಲಿ ಇರಬಾರದಿತ್ತು ಎಂಬುದಷ್ಟೇ ಗೊತ್ತಾಯಿತು. ಹತ್ತಿರ ಕೂತು ಮುಟ್ಟಿ ನೋಡಿದೆ. ತೆಂಗಿನಕಾಯಿ ಗಾತ್ರದ ಮಣ್ಣು, ಮೂಗು ಬಾಯಿ ಇಲ್ಲದ ತಲೆಯ ಹಾಗೆ, ಮೈಮೇಲೆಲ್ಲ ಬೆರಳಿನ ಗುರುತು. ಸುತ್ತಲೂ ದಾರಗಳು. ಎತ್ತಲು ನೋಡಿದೆ, ಜಗ್ಗಲಿಲ್ಲ. ಹಾಸಿನ ಕಾಯಿಯನ್ನು ಅದರ ಒಡೆಯ ಮಾತ್ರ ಎತ್ತಬಲ್ಲ. ಐವತ್ತೆರಡು ಜನರ ಕಾಯಿಗಳೂ ತಮ್ಮ ತಮ್ಮ ಜಾಗದಲ್ಲೇ ಇದ್ದವು, ಅಂದರೆ ಇದಕ್ಕೆ ಒಡೆಯನಿಲ್ಲ.

ನಾನು ಅಲ್ಲಿಂದ ಕದಲಿದರೆ ಯಾರಾದರೂ ಬಂದು ಗುರುತು ಅಳಿಸಿಬಿಟ್ಟಾರು ಎಂಬ ಅನುಮಾನ. ಕಿಟಕಿಯಿಂದಲೇ ಗೇಟಿನ ಕಡೆ ಕೂಗಿ, ಕಸ್ತೂರಿ ಬುತ್ತಿ ತಂದಾಗ ಚಸ್ಮಾನೂ ತರಿಸು, ಲಗೂ ಕಳಿಸು ಎಂದು ಸಂಗನಬಸಪ್ಪನಿಗೆ ಹೇಳಿದೆ. ದಿನಾ ಅವಳು ಬುತ್ತಿಯನ್ನು ಗೇಟಿನಲ್ಲೇ ಕೊಟ್ಟು ಹೋಗುವವಳು. ಮಧ್ಯಾಹ್ನ ದಾರದ ಗಂಟುಗಳ ಮೇಲೆ ಬಗ್ಗಿ ಕೂತಿದ್ದಾಗ ಪಕ್ಕದಲ್ಲಿ ಬಳೆಯ ಸಪ್ಪಳವಾಯಿತು. ಕಸ್ತೂರಿ ಚಸ್ಮಾ ಹಿಡಿದುಕೊಂಡು ನಿಂತಿದ್ದಳು, ಒಳಗೆ, ಹಾಸಿನ ಮುಂದೆ. ನಾನು ಅವಳನ್ನು ನೂಕಿಕೊಂಡೇ ಹೊರಗೆ ಓಡಿಸಿದೆ, ಆದರೆ ದಾಟಿದವರು ದಾಟಿದ ಹಾಗೇ. ಐವತ್ತೆರಡು ಜನರಿಗೆ ಐವತ್ತೆರಡು ಕಾಯಿ ಇದ್ದವು. ಸಂಗನಬಸಪ್ಪನಿಗೆ ಹಳೆಯ ಹಾಸಿನ ಕಾಯಿಯಾದರೂ ಇತ್ತು, ಕಾಯಿ ಇಲ್ಲದೆ ಒಳಗೆ ಬಂದವಳು ಅವಳೊಬ್ಬಳೇ.

ನಾನು ಸಂಗನಬಸಪ್ಪನ ಕೊರಳಪಟ್ಟಿ ಹಿಡಿದೆ. ಹೊಸ ಹಾಸು ಮುಗಿಯುವುದನ್ನು ಅವನು ಜಪ ಮಾಡುತ್ತಾ ಕೂತಿದ್ದ. ಹಳೆಯ ಕಾಯಿ ಪುಡಿಯಾದ ಮೇಲೆ ಈ ಹೊಸದು ತನ್ನನ್ನು ಎಳೆಯದಿರಲೆಂದು ಇನ್ನೊಬ್ಬರನ್ನು ಬೇಕೆಂದೇ ಒಳಗೆ ಬಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಲಗೂ ಕಳಸು ಅಂತ ಒದರಿದಾಂವ ನೀನ ಅಲ್ಲೇನೋ ಗುರುಪಾದಾ? ಅಲ್ಲಿಗೆ ತಂದು ಕೊಡಾಕ ನನ್ನ ಕಾಲು ಹತ್ತು ಮಾರಿನ ಮ್ಯಾಲ ನಡ್ಯಾಂಗಿಲ್ಲ. ನೀ ಹೊರಗ ಬಂದು ಇಸಗೋತಿ ಅಂತ ತಿಳದೆ. ನಾ ನೀರು ಕುಡ್ಯಾಕ ಹೋಗಿ ಬರೂದರಾಗ ಆಕಿ ಒಳಗ ಹೋಗಿಬಿಟ್ಟಿದ್ಲು."

ನಾನು ಕೊರಳಪಟ್ಟಿ ಬಿಟ್ಟೆ. ಆದರೂ ಅನುಮಾನವನ್ನು ಬಿಡಲಿಲ್ಲ, ಅವನ ಹೆಸರಿಗೆ ಒಂದು ಗುರುತು ಹಾಕಿ ಮುಂದೆ ಹೋದೆ.

ಚಸ್ಮಾ ಹಾಕಿಕೊಂಡು ನೋಡಿದ ಮೇಲೆ ಆ ಕಾಯಿ ಏನೆಂದು ತಿಳಿಯಿತು. ನಮ್ಮಲ್ಲಿ ಒಬ್ಬೊಬ್ಬರು ಗಂಟು ಹಾಕುವ ರೀತಿ ಒಂದೊಂದು, ಸಹಿಯ ಹಾಗೆ. ಆ ಕಾಯಿಗೆ ಕಟ್ಟಿದ ದಾರಗಳಲ್ಲಿ ಎರಡೂ ತುದಿಗೆ ಒಬ್ಬನದೇ ಗಂಟು. ಅಂದರೆ ಕೊಟ್ಟವನಿದ್ದಾನೆ, ತೆಗೆದುಕೊಂಡವನಿಲ್ಲ. ಅಡಿವೆಪ್ಪನ ಗಂಟಿತ್ತು, ದಾವಲಸಾಬನದಿತ್ತು, ಮುನವಳ್ಳಿ ಸಾಹೇಬರ ಮೂರು ಸುತ್ತಿನ ಗಂಟೂ ಇತ್ತು. ಶಾಲೆಯ ಹಂಚಿಗೆ ಸಂಬಂಧಪಟ್ಟ ತಮ್ಮ ತಮ್ಮ ತಪ್ಪಿನ ಪಾಲನ್ನು ಒಬ್ಬೊಬ್ಬರೂ ಅಲ್ಲಿಗೆ ಕಟ್ಟಿ ಕೈ ಝಾಡಿಸಿಕೊಂಡಿದ್ದರು.

ಇಂಥದು ನಮ್ಮೂರಿಗೆ ಹೊಸದಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಎಣ್ಣೆ ಗಾಣದ ಹಾಸಿನಲ್ಲಿ ಇಂಥ ಕಾಯಿ ಉಳಿದು ಮುದಕಪ್ಪ ಎಂಬವನನ್ನು ಎಳೆದುಕೊಂಡಿತಂತೆ. ಎಣ್ಣೆ ಚೆಲ್ಲಿದರೆ ಅವನ ಕೈ ಜಿಡ್ಡಾಗಿರುತ್ತಿತ್ತು. ಎತ್ತು ಕುಂಟಿದರೆ ಅವನ ಕೈಯಲ್ಲಿ ಬಾರುಕೋಲು ಇರುತ್ತಿತ್ತು. ಕೇಳಿದರೆ 'ಹೌದ್ರಿ, ನಾನ ಮಾಡಿದೆ' ಎನ್ನುತ್ತಿದ್ದ, ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದು ನಂಬಿಯೇ ಹೇಳುತ್ತಿದ್ದ. ಬರಬರುತ್ತಾ ಓಣಿಯ ಮನೆಗಳಲ್ಲಿ ಹಾಲು ಉಕ್ಕಿದರೂ ಬಂದು ತಪ್ಪಾಯಿತು ಎಂದು ಕೈಮುಗಿದು ಹೋಗುತ್ತಿದ್ದ. ಅವನಿದ್ದಷ್ಟು ದಿನ ಊರಲ್ಲಿ ಜಗಳವೇ ಇರಲಿಲ್ಲ ಎಂದು ಹಿರಿಯರು ಈಗಲೂ ನೆನೆಸುತ್ತಾರೆ. ಅವನು ಐದು ವರ್ಷ ತುಂಬುವ ತನಕ ಬದುಕಲಿಲ್ಲ.

ಕಸ್ತೂರಿ ಹುಟ್ಟಿದಾಗಿನಿಂದ ಒಂದು ತಪ್ಪನ್ನೂ ಒಪ್ಪಿಕೊಂಡವಳಲ್ಲ. ಚಿಕ್ಕಂದಿನಲ್ಲಿ ಹಪ್ಪಳ ಕದ್ದು ಬಾಯಲ್ಲಿಟ್ಟುಕೊಂಡೇ ಇಲ್ಲ ಎಂದವಳು. ಗಂಡನ ಮನೆಯವರು ಎಲ್ಲದಕ್ಕೂ ಅವಳನ್ನೇ ದೂರಿದಾಗ, ನಿಮ್ಮ ಗಂಜಿ ಸೀದರೆ ಅದು ನಿಮ್ಮ ಒಲೆಯ ಗುಣ ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಬಂದು, ನನ್ನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿ ಕೂತವಳು. ಓಣಿಯ ಹುಡುಗಿಯರಿಗೆ ರವಿಕೆ ಕತ್ತರಿಸುವುದನ್ನು ಕಲಿಸುತ್ತಾಳೆ. ಅಳತೆ ತಪ್ಪಿದರೆ ಬಟ್ಟೆಯದೇ ತಪ್ಪು. ಅಂಥವಳು ನಾನು ಹೇಳಿದ್ದನ್ನೆಲ್ಲ ಕೇಳಿ, ಆರು ದಿನದಲ್ಲಿ ಕಟ್ಟಿದವರನ್ನು ಹಿಡಿ, ನೀನು ಇಷ್ಟು ವರ್ಷ ಅನುಮಾನಪಟ್ಟದ್ದಕ್ಕೆ ಒಂದು ಸಲವಾದರೂ ಉಪಯೋಗವಾಗಲಿ ಎಂದಳು.

ನಾನು ಹಿಡಿಯಲು ಹೊರಟೆ. ಕಟ್ಟಿದ ಗಂಟನ್ನು ಕಟ್ಟಿದವನೇ ಬಿಚ್ಚಬೇಕು, ಅದೂ ಏನನ್ನು ಕಟ್ಟಿದೆ ಎಂದು ಬಾಯಿಬಿಟ್ಟು ಹೇಳುತ್ತಾ ಬಿಚ್ಚಬೇಕು, ಇಲ್ಲವಾದರೆ ಗಂಟು ಇನ್ನೂ ಬಿಗಿಯುತ್ತದೆ. ಅದಕ್ಕೆ ಯಾರೂ ತಯಾರಿರಲಿಲ್ಲ. ಗಂಟು ತೋರಿಸಿದರೆ ಯಾರೋ ನನ್ನ ಗಂಟನ್ನು ಕದ್ದು ಕಟ್ಟಿದ್ದಾರೆ ಎನ್ನುತ್ತಿದ್ದರು. ಅಡಿವೆಪ್ಪ ದಾವಲಸಾಬನ ಕಡೆ ಬೆರಳು ಮಾಡಿದ, ಹೊಳೆವ್ವ ಸಾಹೇಬರ ಕಡೆ ಕಣ್ಣು ಮಾಡಿದಳು. ಇಷ್ಟರಲ್ಲಿ ದಾರಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಇಷ್ಟು ಜನ ಕಟ್ಟಿದ್ದಾರೆ, ನಾನೊಬ್ಬ ಯಾಕೆ ಬಿಡಲಿ ಎಂದು ಉಳಿದವರೂ ಊಟದ ಹೊತ್ತಿನಲ್ಲಿ ಬಂದು ಕಟ್ಟಿ ಹೋಗುತ್ತಿದ್ದರು. ಮೂರನೆಯ ದಿನ ಹತ್ತೊಂಬತ್ತಿದ್ದದ್ದು ಏಳನೆಯ ದಿನ ಐವತ್ತರ ಹತ್ತಿರ ಬಂತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಕಟ್ಟಿದವರು ಯಾರು ಎಂಬುದಕ್ಕಿಂತ ಕಾಯಿ ಇಟ್ಟವರು ಯಾರು ಎಂಬುದೇ ನನಗೆ ಮುಖ್ಯವಾಯಿತು. ಮುದ್ದೆಗಳನ್ನು ತೂಗಿ ಕೊಟ್ಟಿದ್ದೆವು, ಹೆಚ್ಚಿನ ಮಣ್ಣು ಎಲ್ಲಿಂದ ಬಂತು? ಮುನವಳ್ಳಿ ಸಾಹೇಬರ ಮೇಲೆ ನನ್ನ ಅನುಮಾನ ಬಲವಾಗಿತ್ತು, ಉಗ್ರಾಣದ ಬೀಗದ ಕೈ ಅವರ ಹತ್ತಿರ ಇರುತ್ತದೆ. ತಕ್ಕಡಿ ತರಿಸಿ ಒಬ್ಬೊಬ್ಬರಿಂದಲೂ ಅವರವರ ಕಾಯಿ ಎತ್ತಿಸಿ ತೂಗಿದೆ. ಅಡಿವೆಪ್ಪ ಮಾಡಿದ್ದ ಮಣ್ಣಿನ ಬಂಡಿ ಒಂದು ಚಿಟಿಕೆ ಕಡಿಮೆ ಬಂತು. ಹೊಳೆವ್ವನ ಬುಟ್ಟಿ ಒಂದು ಚಿಟಿಕೆ ಕಡಿಮೆ. ಸಾಹೇಬರ ಮೇಜೂ ಅಷ್ಟೇ. ಐವತ್ತೊಂದು ಕಾಯಿ ತೂಗಿದೆ, ಎಲ್ಲದರಲ್ಲೂ ಒಂದೊಂದು ಚಿಟಿಕೆ ಇಲ್ಲ. ನನ್ನದನ್ನು ತೂಗುವ ಅಗತ್ಯ ಕಾಣಲಿಲ್ಲ.

ಒಬ್ಬನೇ ಕಳ್ಳ ಸಿಗುತ್ತಾನೆಂದು ಹೋದವನಿಗೆ ಊರಿಗೆ ಊರೇ ಸಿಕ್ಕ ಹಾಗಾಯಿತು. ಒಬ್ಬ ಸಿಕ್ಕಿದ್ದರೆ ಜುಟ್ಟು ಹಿಡಿಯಬಹುದಿತ್ತು. ಇಷ್ಟು ಜನರ ಜುಟ್ಟು ಹಿಡಿಯಲು ನನಗೆ ಇರುವುದು ಎರಡೇ ಕೈ.

ಎಂಟನೆಯ ದಿನ ಬೆಳಿಗ್ಗೆ ಪಕ್ಕದ ಮನೆಯಾಕೆಯ ಬಟ್ಟೆ ಒಣಗಿಸುವ ತಂತಿ ಹರಿದು ಬಟ್ಟೆಯೆಲ್ಲ ರಾಡಿಯಲ್ಲಿ ಬಿದ್ದವು. ಆಕೆ ಬೈಯುತ್ತಿದ್ದಳು, ಯಾರನ್ನೂ ಅಲ್ಲ, ತಂತಿಯನ್ನು. ಕಸ್ತೂರಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

"ನಾನ ಹರದಿರಬೇಕ್ರಿ ಅಕ್ಕಾರ. ನೆನಪಿಲ್ಲ, ಖರೆ ನಾನ ಇರಬೇಕು," ಎಂದಳು.

ಅವಳ ಅಂಗೈಯಲ್ಲಿ ತುಕ್ಕಿನ ಗೆರೆ ಇತ್ತು. ಬೆಳಿಗ್ಗೆಯಿಂದ ಅವಳು ಯಂತ್ರ ಬಿಟ್ಟು ಎದ್ದಿರಲಿಲ್ಲ, ನಾನೇ ನೋಡಿದ್ದೆ. ಅಂಗೈಯನ್ನು ನನಗೆ ತೋರಿಸಿ, ನೋಡಣ್ಣಾ ಎಂದಳು. ನನಗೆ ಅಳು ಬಂತು. ಕಾಯಿ ಕಲ್ಲಾಗುವ ಮೊದಲೇ ಎಳೆಯಲು ಶುರುಮಾಡಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದೆ. ಇನ್ನು ಅವಳನ್ನು ಹೊರಗಿಟ್ಟು ಪ್ರಯೋಜನವಿರಲಿಲ್ಲ. ಎಲ್ಲರೂ ಹಾಸಿನ ಸುತ್ತ ಗೋಡೆಗೆ ಒರಗಿ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮುನವಳ್ಳಿ ಸಾಹೇಬರು, ಹಾಸೆಂಬುದು ಎಲ್ಲರೂ ಕೂಡಿ ಮಾಡಿದ್ದು, ಎಲ್ಲರೂ ಕೂಡಿ ಮಾಡಿದ್ದರಲ್ಲಿ ಏನು ಬಂದಿದೆಯೋ ಅದನ್ನು ಒಪ್ಪಿಕೊಳ್ಳಬೇಕು, ಒಬ್ಬರಿಗೆ ತ್ರಾಸಾಗುತ್ತದೆಂದು ಐವತ್ತೆರಡು ಜನರ ಮಾತನ್ನು ಅಳಿಸಲಾದೀತೇ ಎಂದು ಬಹಳ ನಯವಾಗಿ ಹೇಳಿದರು. ಕೆಲವರು ತಲೆದೂಗಿದರು. ನಾನು ಕಸ್ತೂರಿಯ ಕೈ ಹಿಡಿದು ಅಂಗೈ ಬಿಡಿಸಿ ತೋರಿಸಿದೆ. ತುಕ್ಕಿನ ಪಕ್ಕ ಈಗ ಹೊಸ ಕಲೆಗಳಿದ್ದವು, ಮಸಿ, ಸುಣ್ಣ, ಕೆಮ್ಮಣ್ಣು. ಯಾವುದು ಯಾರ ಮನೆಯದೋ ದೇವರಿಗೇ ಗೊತ್ತು. ಅವಳು ಸಭೆಗೆ ಕೈಮುಗಿದು, ಶಾಲೆಯ ಹಂಚು ಬಿದ್ದದ್ದೂ ತನ್ನಿಂದಲೇ ಇರಬೇಕು ಎಂದಳು. ಹಂಚಿನ ಕಾರ್ಖಾನೆಯ ಒಳಗನ್ನೇ ಆರು ದಿನದ ಹಿಂದೆ ಮೊದಲ ಸಲ ನೋಡಿದವಳು.

ಎಲ್ಲರಿಗಿಂತ ಮೊದಲು ಅಲುಗಾಡಿದವನು ದಾವಲಸಾಬ. ಬೀಡಿಯನ್ನು ನೆಲಕ್ಕೆ ಉಜ್ಜಿ, ಮೊಣಕಾಲು ಹಿಡಿದುಕೊಂಡು ಕೂತು, ತನ್ನ ಗಂಟಿಗೆ ಉಗುರು ಹಾಕಿದ.

"ಕಟಗಿ ಹಸಿ ಇದ್ವು. ಅರ್ಧಾ ದಿನ ಉರಿ ಸಣ್ಣಾಗಿತ್ತು. ಹೆಚ್ಚಿನ ಕಟಗಿ ಕೇಳಿದ್ರ ಬೈತಾರ ಅಂತ ಸುಮ್ನ ಕುಂತೆ. ಇಷ್ಟ ನಂದು."

ಗಂಟು ಬಿಚ್ಚಿಕೊಂಡಿತು. ಅವನು ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡ, ಒಂದು ಚಿಟಿಕೆ ಮಣ್ಣು ತಾನಾಗಿಯೇ ಉದುರಿ ಅವನ ಭಟ್ಟಿಯ ಕಾಯಿಗೆ ಹೋಗಿ ಅಂಟಿತು. ಆಮೇಲೆ ಅಡಿವೆಪ್ಪ ಬಂದ. ಹೊಳೆಯ ತಿರುವಿನಲ್ಲಿ ಮಣ್ಣು ತೆಗೆಯಬಾರದೆಂದು ಗೊತ್ತಿದ್ದೂ, ದಾರಿ ಹತ್ತಿರವೆಂದು ನಾಲ್ಕು ಬಂಡಿ ಸುಣ್ಣದ ಹರಳಿನ ಮಣ್ಣು ತಂದಿದ್ದನಂತೆ. ಒಬ್ಬರ ಹಿಂದೆ ಒಬ್ಬರು ಕೂತರು. ಹೇಳಿದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು. ಜಾತ್ರೆಗೆ ಹೋಗುವ ಗಡಿಬಿಡಿಯಲ್ಲಿ ಅಚ್ಚು ಒರೆಸದೆ ಬಿಟ್ಟವನು ಒಬ್ಬ. ಬಿರುಕು ಕಂಡೂ ಹೇಳಿದರೆ ತನ್ನ ಮೇಲೆ ಬಂದೀತೆಂದು ಮಗುಚಿಟ್ಟವಳು ಒಬ್ಬಳು. ಮುನವಳ್ಳಿ ಸಾಹೇಬರು ಹೊರಗೆ ಹೋಗಿ ಬಂದರು, ಮತ್ತೆ ಹೋಗಿ ಬಂದರು, ಕಡೆಗೆ ಪ್ಯಾಂಟಿನ ಮೊಣಕಾಲು ಎತ್ತಿಕೊಂಡು ಕೂತು, ಪ್ರತಿ ಹಂಚನ್ನೂ ಬಾರಿಸಿ ದನಿ ಕೇಳಿಯೇ ಕಳಿಸಬೇಕಾದಲ್ಲಿ ಹತ್ತಕ್ಕೊಂದು ಬಾರಿಸಿದರೆ ಸಾಕೆಂದು ಹೇಳಿದವನು ತಾನು ಎಂದರು. ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ಹೊಳೆವ್ವ ಕಡೆಯವರಲ್ಲಿ ಒಬ್ಬಳಾಗಿ ಬಂದಳು. ಗಂಟು ಬಿಚ್ಚುತ್ತಾ ನನ್ನ ಮುಖವನ್ನೇ ನೋಡಿದಳು.

"ಏಳನೇ ಸಾಲಿನ ಹಂಚು ಎತ್ತೂ ಮುಂದ ನಾ ಕೈ ಹಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಹಲಗಿ ಮ್ಯಾಲ ಹನ್ನೆರಡು ಅಂತ ಬರದಿತ್ತು, ನಂಬಿದೆ."

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಕಾಯಿ ನಿಂಬೆಹಣ್ಣಿಗಿಂತ ಸಣ್ಣದಾಗಿತ್ತು. ಒಂದೇ ದಾರ ಉಳಿದಿತ್ತು, ಎಲ್ಲಕ್ಕಿಂತ ಕೆಳಗಿನದು. ಕೆಳಗಿನದು ಅಂದರೆ ಎಲ್ಲಕ್ಕಿಂತ ಮೊದಲು ಕಟ್ಟಿದ್ದು. ಯಾರದು, ಯಾರದು ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿದರು. ಗಂಟಿನ ಗುರುತು ಹಿಡಿಯುವವನು ನಾನು, ಆದ್ದರಿಂದ ನನ್ನ ಕಡೆ ನೋಡಿದರು. ನಾನು ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದೆ. ಮತ್ತೆ ಹಾಕಿಕೊಂಡೆ. ಮತ್ತೆ ತೆಗೆದು ಒರೆಸಿದೆ. ಕಸ್ತೂರಿ ಗೋಡೆ ಬಿಟ್ಟು ಮುಂದೆ ಬಂದಳು.

"ಅದೂ ನಂದ ಇರಬೇಕು ಬಿಡಣ್ಣಾ," ಎಂದು ಕೂತು, ತಾನು ಕಟ್ಟದ ಗಂಟಿಗೆ ಉಗುರು ಹಾಕಿದಳು. ಗಂಟು ಬಿಗಿ ಬಿಗಿಯಾಗುತ್ತಾ ಹೋಯಿತು. ಅವಳ ಉಗುರು ಮುರಿದು ರಕ್ತ ಬಂತು, ಅವಳು ಕೈ ತೆಗೆಯಲಿಲ್ಲ. ಬಿಚ್ಚಲು ಬರದಿರುವುದೂ ತನ್ನದೇ ತಪ್ಪೆಂದು ಗೊಣಗುತ್ತಿದ್ದಳು.

ಇನ್ನು ಹೇಳಿಬಿಡುತ್ತೇನೆ. ಆ ಗಂಟು ನನ್ನದು. ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. ಹಲಗೆಯ ಕಾಯಿ ಮಾಡುತ್ತಿದ್ದಾಗ ಒಂದು ಮೂಲೆ ಸೊಟ್ಟಗಾಗಿತ್ತು. ಆ ಮೂಲೆಯನ್ನು ಚಿವುಟಿ, ಕಡಲೆಕಾಳಿನಷ್ಟು ಮಣ್ಣು, ಹಾಸಿನ ನಡುವೆ ಯಾರಿಗೂ ಕಾಣದ ಹಾಗೆ ಇಟ್ಟು ಒಂದು ದಾರ ಸುತ್ತಿದ್ದೆ. ಕಡಲೆಕಾಳನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಐವತ್ತೊಂದು ಜನ ನೋಡಿದ್ದರು. ಕೇಳುವವನೇ ಇಟ್ಟಿದ್ದಾನೆಂದರೆ ಇಡಬಹುದು ಎಂದು ಒಬ್ಬೊಬ್ಬರೂ ಒಂದೊಂದು ಚಿಟಿಕೆ ಮೆತ್ತಿದ್ದರು, ಒಡೆಯನಿಲ್ಲದ ಮಣ್ಣು ಚಿಟಿಕೆಗೆ ಹಿಡಿಯಷ್ಟು ಉಬ್ಬಿತ್ತು. ಮೂರನೆಯ ದಿನ ಅದು ತೆಂಗಿನಕಾಯಿಯಾದದ್ದು ಕಂಡು, ಕೆಳಗೆ ನನ್ನ ಗಂಟು ಕಾಣುತ್ತದೆಯೋ ಇಲ್ಲವೋ ನೋಡಲು ನನಗೆ ಚಸ್ಮಾ ಬೇಕಾಗಿತ್ತು. ಅದಕ್ಕಾಗಿ ಕೂಗಿದ್ದೆ. ಅದಕ್ಕಾಗಿ ಕಸ್ತೂರಿ ಒಳಗೆ ಬಂದಳು. ಆ ಮೇಲಿನ ಆರು ದಿನ ನಾನು ಎಲ್ಲರನ್ನೂ ಅಷ್ಟು ಶ್ರದ್ಧೆಯಿಂದ ಅನುಮಾನಿಸಿದ್ದು ಯಾಕೆಂದು ಈಗ ನೀವೇ ತಿಳಿದುಕೊಳ್ಳಿ.

ನಾನು ಅವಳ ಕೈ ಸರಿಸಿ ಕೂತೆ.

"ಏಳನೇ ಸಾಲು ಎಂಟ ದಿನಾ ಒಣಗಿತ್ತು," ಎಂದೆ. ಹೊಳೆವ್ವ ಜೋರಾಗಿ ಹೇಳು ಎಂದಳು. "ಎಂಟ ದಿನಾ. ನಾ ಹನ್ನೆರಡು ಬರದೆ. ಮಳಿ ಹತ್ತಿತ್ತು, ಆ ಕಡೆ ಕೆಸರಿತ್ತು. ಬಾಗಲದಾಗ ನಿಂತು, ಚಸ್ಮಾ ಇಲ್ಲದ, ಅಂದಾಜಿನ ಮ್ಯಾಲ ಬರದೆ. ಹೋಗಿ ನೋಡಲಿಲ್ಲ. ಟೀಚರ್ ಹೆಗಲಿಗೆ ಬಿದ್ದದ್ದು ನಾ ಬರದ ಹಂಚು."

ಗಂಟು ಸಡಿಲಾಯಿತು. ಕಡಲೆಕಾಳು ಉರುಳಿ ನನ್ನ ಹಲಗೆಯ ಮೂಲೆಗೆ ಹೋಗಿ ಕೂತಿತು, ಸೊಟ್ಟಗೇ. ಭೋಂಗಾ ಕೂಗಿತು. ಹಾಸೆಲ್ಲ ಕಲ್ಲಾಯಿತು, ನಡುವಿನ ಜಾಗ ಖಾಲಿ ಇತ್ತು. ಐವತ್ತೊಂದು ಜನ ನನ್ನನ್ನು ನೋಡುತ್ತಿದ್ದರು, ನಾನು ಇಷ್ಟು ವರ್ಷ ಅವರನ್ನು ನೋಡಿದ ಹಾಗೆ. ಅದು ಹೇಗಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಹೊರಗೆ ಸಂಗನಬಸಪ್ಪ ಹನ್ನೊಂದನೆಯ ಮಾರಿಗೆ ಕಾಲಿಟ್ಟು ನಿಂತಿದ್ದ. ಆಮೇಲೆ ಓಡಿದ. ಸ್ವಲ್ಪ ಹೊತ್ತಿಗೆ ವಾಪಸು ಬಂದು ಹೆಂಡತಿಯನ್ನು ಚಪ್ಪಲಿ ಕೇಳಿದ, ಐದು ವರ್ಷ ಅವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ನನ್ನ ಮುಂದೆ ಹಾದುಹೋಗುವಾಗ ಕೊರಳಪಟ್ಟಿ ಸರಿಮಾಡಿಕೊಂಡ.

ಪಂಚರು ಒಂದು ಹೆಸರು ಕೇಳಿದ್ದರು, ನಾವು ಐವತ್ತೆರಡು ಕೊಟ್ಟೆವು. ಅಷ್ಟನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಭಾನುವಾರ ನಾನು ಗದಿಗೆಮ್ಮ ಟೀಚರ ಮನೆಗೆ ಹೋದೆ. ಅವರು ಎಡಗೈಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಬರೆಯುವುದೇ ನಿನ್ನ ಕೆಲಸವಲ್ಲವೇ, ನಾಳೆಯಿಂದ ಬೆಳಿಗ್ಗೆ ಶಾಲೆಗೆ ಬಾ, ಹಲಗೆಯ ಮೇಲ್ಭಾಗಕ್ಕೆ ನನ್ನ ಕೈ ಏಳುವುದಿಲ್ಲ, ನಾನು ಹೇಳುತ್ತೇನೆ ನೀನು ಬರೆ ಎಂದರು. ಬಾಗಿಲ ತನಕ ಬಂದು, ಹತ್ತಿರ ನಿಂತು ಬರೆಯಬೇಕು ಎಂದೂ ಸೇರಿಸಿದರು. ಕಾರ್ಖಾನೆಗೆ ಹೋಗುವ ಮೊದಲು ಈಗ ದಿನಾ ಅಲ್ಲಿಗೆ ಹೋಗುತ್ತೇನೆ.

ಕಸ್ತೂರಿಯ ಅಂಗೈ ತೊಳೆದರೂ ಎರಡು ದಿನ ಕಲೆ ಬಿಡಲಿಲ್ಲ. ನನ್ನ ಜೊತೆ ಮಾತು ಬಿಟ್ಟಿದ್ದಳು. ಯಂತ್ರದ ಸಪ್ಪಳ ಒಂದೇ. ಮೂರನೆಯ ದಿನ ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟು ಶಾಲೆಗೆ ಹೋಗುವ ತಯಾರಿಯಲ್ಲಿದ್ದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಕಸ್ತೂರಿ ಯಂತ್ರ ನಿಲ್ಲಿಸಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಲೆ ನೋಡಿದಳು, ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ನಾ ಅಲ್ಲಪಾ," ಎಂದಳು.

ಬೆಕ್ಕು ಕಿಟಕಿಯಲ್ಲೇ ಕೂತಿತ್ತು. ನಾನು ಅದರ ಕಡೆ ನೋಡಲಿಲ್ಲ. ಉರಿ ಸಣ್ಣದು ಮಾಡುವುದನ್ನು ನಾನೇ ಮರೆತೆ ಎಂದು ಹೇಳಿ, ಬಟ್ಟೆ ತೆಗೆದುಕೊಂಡು ಒಲೆ ಒರೆಸಿದೆ.